ರೊಕ್ಕ ಅವರದು, ಸಂತೆ ನಮ್ಮದು

ವಿಜಯಪುರ ಜಿಲ್ಲೆಯ ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಡಾಲರ್ ರೇಟಿನ ಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಅವರು ಗೊನೆ ಕೊಯ್ದು, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಹೆಚ್ಚುಕಡಿಮೆ ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ. ಪೇಟೆಯಲ್ಲಿ ಅದಕ್ಕೆ ಎದುರಾಳಿ ಅಂದರೆ ಅಫ್ಗಾನಿಸ್ತಾನದಿಂದ ಬರುವ ಮಾಲು. ಆ ಮಾಲಿನ ಲೆಕ್ಕವೆಲ್ಲ ಡಾಲರಿನಲ್ಲಿ.

ಕಿಲೋಗೆ 3 ಡಾಲರ್ ಅಂತ ಇಟ್ಟುಕೊಳ್ಳಿ. ಡಾಲರಿಗೆ 60 ರೂಪಾಯಿ ಇದ್ದಾಗ ಅದು ಇಲ್ಲಿಗೆ 180 ರೂಪಾಯಿಗೆ ಬಂದು ಬೀಳುತ್ತದೆ. ಡಾಲರ್ 85 ಆದಾಗ 255. ಅಫ್ಗಾನ್ ರೈತ ದರ ಏರಿಸಿಲ್ಲ. ನಮ್ಮ ರೈತನೂ ಹೊಸದಾಗಿ ಏನೂ ಮಾಡಿಲ್ಲ. ಆದರೂ ನಮ್ಮ ಮಾಲಿಗೆ ಕಿಲೋಗೆ 75 ರೂಪಾಯಿಯ ಅನುಕೂಲ ಸಿಕ್ಕಿತು. ಅದೇ ರೈತ ಡೀಸೆಲ್ ಹಾಕಿಸಲು, ಗೊಬ್ಬರ ತರಲು ಹೋದಾಗ ಅದೇ ಡಾಲರ್ ಅವನ ಜೇಬಿಗೆ ಕತ್ತರಿ ಹಾಕುತ್ತದೆ ಅನ್ನುವುದು ಬೇರೆ ಮಾತು.

ರೂಪಾಯಿ ಬಿದ್ದಾಗಲೆಲ್ಲ ಚಹಾದಂಗಡಿಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇಷ್ಟೆಲ್ಲ ತ್ರಾಸ ಯಾಕ್ರೀ? ಸೀದಾ ಡಾಲರನ್ನ ಚಲಾವಣೆಗೆ ತಂದ್ರ ಆಗೂದಿಲ್ಲೇನು?"

ಭಾರತದಂಥ ದೊಡ್ಡ ದೇಶದ ಮಟ್ಟಿಗೆ ಇದು ತಮಾಷೆಯ ಮಾತು. ಆದರೆ ಕೆಲವು ಸಣ್ಣ ದೇಶಗಳು ನಿಜಕ್ಕೂ ಇದನ್ನೇ ಮಾಡಿವೆ. ಪನಾಮಾದಲ್ಲಿ 1904ರಿಂದ ಅಮೆರಿಕದ ಡಾಲರ್ ನಡೆಯುತ್ತಿದೆ. ಈಕ್ವೆಡಾರ್ 2000ದಲ್ಲಿ, ಎಲ್ ಸಾಲ್ವಡಾರ್ 2001ರಲ್ಲಿ ಅದೇ ದಾರಿ ಹಿಡಿದವು. ಪೂರ್ವ ತಿಮೋರ್, ಪಲಾವ್‌ಗಳಲ್ಲೂ ಡಾಲರೇ. ಪೆಸಿಫಿಕ್ ಸಾಗರದ ಕಿರಿಬಾಸ್, ತುವಾಲು, ನೌರು ದ್ವೀಪಗಳಲ್ಲಿ ಆಸ್ಟ್ರೇಲಿಯಾದ ಡಾಲರ್. ಯುರೋಪಿನ ಮಾಂಟೆನೆಗ್ರೊ ಮತ್ತು ಕೊಸೊವೊ ಯಾರ ಒಪ್ಪಿಗೆಗೂ ಕಾಯದೆ ಯೂರೋ ಬಳಸುತ್ತಿವೆ.

ನನ್ನ ತಿಳಿವಳಿಕೆ ಇಷ್ಟು: ಪರದೇಶದ ನೋಟು ತಂದರೆ ಬೆಲೆ ಏರಿಕೆಯ ರೋಗ ಬಹುಮಟ್ಟಿಗೆ ವಾಸಿಯಾಗುತ್ತದೆ. ಆದರೆ ಹೊರಗಿನಿಂದ ಬರುವ ಪೆಟ್ಟುಗಳು ನಿಲ್ಲುವುದಿಲ್ಲ. ಮೊದಲು ಆ ಪೆಟ್ಟು ತಿನ್ನುತ್ತಿದ್ದದ್ದು ದೇಶದ ನೋಟು. ಆಮೇಲೆ ತಿನ್ನಬೇಕಾದದ್ದು ಜನರ ಪಗಾರ ಮತ್ತು ಕೆಲಸ. ಇದು ಹೇಗೆ ಅಂತ ನೋಡಲು ಈಕ್ವೆಡಾರ್‌ನಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ.

ಸುಕ್ರೆ ಸತ್ತ ವರ್ಷ

ಈಕ್ವೆಡಾರ್ ದಕ್ಷಿಣ ಅಮೆರಿಕದ ಸಣ್ಣ ದೇಶ. ಕಚ್ಚಾತೈಲ, ಬಾಳೆಹಣ್ಣು, ಸೀಗಡಿ ಮಾರಿ ಬದುಕುವ ದೇಶ. ಅಲ್ಲಿನ ನಾಣ್ಯದ ಹೆಸರು ಸುಕ್ರೆ. 1997-98ರಲ್ಲಿ, ಪೆಸಿಫಿಕ್ ಸಾಗರದ ನೀರು ಬಿಸಿಯಾದಾಗ ಅಲ್ಲಿ ಸುರಿಯುವ ಎಲ್ ನಿನೊ ಮಳೆ ಕರಾವಳಿಯ ಬೆಳೆ, ರಸ್ತೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. 1998ರಲ್ಲಿ ತೈಲದ ಬೆಲೆ ನೆಲಕಚ್ಚಿತು. ಸಾಲ ವಸೂಲಾಗದೆ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗತೊಡಗಿದವು. ಅವುಗಳನ್ನು ಎತ್ತಲು ಅಲ್ಲಿನ ಕೇಂದ್ರ ಬ್ಯಾಂಕು (ನಮ್ಮ ರಿಸರ್ವ್ ಬ್ಯಾಂಕಿನಂಥದ್ದು) ಸುಕ್ರೆ ಅಚ್ಚು ಹಾಕುತ್ತಾ ಹೋಯಿತು. ಜನ ಆ ಸುಕ್ರೆಯನ್ನು ಕೈಗೆ ಬಂದ ತಕ್ಷಣ ಡಾಲರ್ ಮಾಡಿಕೊಳ್ಳತೊಡಗಿದರು. 1999ರ ಮಾರ್ಚ್‌ನಲ್ಲಿ ಸರ್ಕಾರ ಬ್ಯಾಂಕುಗಳಿಗೆ ರಜೆ ಘೋಷಿಸಿ, ಜನರ ಠೇವಣಿಗಳನ್ನು ತಡೆಹಿಡಿಯಿತು.

2000ದ ಜನವರಿ 9ರಂದು ಅಧ್ಯಕ್ಷ ಜಮಿಲ್ ಮಾವಾದ್ ಇನ್ನು ಮೇಲೆ ಡಾಲರೇ ನಮ್ಮ ನಾಣ್ಯ ಅಂತ ಘೋಷಿಸಿದರು. ದರ: ಒಂದು ಡಾಲರಿಗೆ 25,000 ಸುಕ್ರೆ. ಹನ್ನೆರಡೇ ದಿನಕ್ಕೆ ಅವರ ಕುರ್ಚಿ ಹೋಯಿತು. ಮೂಲನಿವಾಸಿಗಳ ಚಳವಳಿಯ ಜೊತೆ ಸೈನ್ಯದ ಕೆಲವು ಅಧಿಕಾರಿಗಳೂ ಸೇರಿಕೊಂಡು ಅವರನ್ನು ಇಳಿಸಿದರು. ಉಪಾಧ್ಯಕ್ಷ ಗುಸ್ತಾವೊ ನೊಬೊವಾ ಅಧಿಕಾರಕ್ಕೆ ಬಂದರು. ಮಾವಾದ್ ಹೋದರೂ ಅವರ ಡಾಲರ್ ಉಳಿಯಿತು.

ಒಂದು ದೇಶದ ನೋಟನ್ನು ಹೀಗೆ ಬದಲಿಸುವುದು ಹೇಗೆ? ಕೇಳಲು ದೊಡ್ಡದು, ಲೆಕ್ಕ ಸರಳ. ಕೇಂದ್ರ ಬ್ಯಾಂಕಿನ ತಿಜೋರಿಯಲ್ಲಿ ಒಂದಿಷ್ಟು ಡಾಲರ್ ಇರುತ್ತದೆ. ಜನರ ಕೈಯಲ್ಲಿ ಇಷ್ಟು ಸುಕ್ರೆ ನೋಟು ಇದೆ ಅಂತ ಬ್ಯಾಂಕಿಗೆ ಗೊತ್ತು. ಇರುವ ಡಾಲರಿನಲ್ಲಿ ಆ ನೋಟುಗಳನ್ನೆಲ್ಲ ಕೊಂಡು ಮುಗಿಸುವಂತೆ ದರ ಕಟ್ಟಬೇಕು. ಆಮೇಲೆ ಜನ ಸಾಲುಗಟ್ಟಿ ಸುಕ್ರೆ ಕೊಟ್ಟು ಡಾಲರ್ ಒಯ್ಯುತ್ತಾರೆ. ಖಾತೆಯಲ್ಲಿರುವ ಠೇವಣಿ, ಸಾಲ, ಪಗಾರ, ಬಾಡಿಗೆ ಎಲ್ಲದರ ಅಂಕಿಯನ್ನೂ ಅದೇ ದರದಲ್ಲಿ ಭಾಗಿಸಿ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಅರ್ಜೆಂಟೀನಾದ ಹಾವಿಯೆರ್ ಮಿಲೇ 2023ರ ಚುನಾವಣೆಯಲ್ಲಿ ಡಾಲರ್ ತರುತ್ತೇನೆ ಅಂತ ಹೇಳಿಯೇ ಗೆದ್ದರು, ಆದರೆ ಬಂದ ತಕ್ಷಣ ಮಾಡಲಾಗಲಿಲ್ಲ. ಕಾರಣ ಇದೇ ಲೆಕ್ಕ. ತಿಜೋರಿ ಖಾಲಿ ಇದ್ದರೆ ಪೆಸೊ ನೋಟುಗಳನ್ನು ಕೊಳ್ಳುವುದು ಯಾವುದರಿಂದ?

ಈಗ ಆ 25,000ದ ದರವನ್ನು ಸ್ವಲ್ಪ ಹತ್ತಿರದಿಂದ ನೋಡಿ. 1998ರ ಶುರುವಿನಲ್ಲಿ ಡಾಲರಿಗೆ ಸುಮಾರು 4,500 ಸುಕ್ರೆ ಇತ್ತು. ನಿವೃತ್ತ ಶಿಕ್ಷಕರೊಬ್ಬರು ಆಗ ಬ್ಯಾಂಕಿನಲ್ಲಿ ಒಂದು ಕೋಟಿ ಸುಕ್ರೆ ಇಟ್ಟಿದ್ದರು ಅಂತ ಅಂದುಕೊಳ್ಳೋಣ. ಅಂದಿನ ಲೆಕ್ಕದಲ್ಲಿ ಅದು 2,200 ಡಾಲರಿಗೂ ಜಾಸ್ತಿ. ಎರಡು ವರ್ಷ ಬಿಟ್ಟು ಅದೇ ಒಂದು ಕೋಟಿಗೆ ಸಿಕ್ಕಿದ್ದು 400 ಡಾಲರ್. ಬಡ್ಡಿ ಸೇರಿಸಿದರೂ ಆ ನಷ್ಟ ತುಂಬುವುದಿಲ್ಲ. ಮೊದಲೇ ಡಾಲರ್ ಮಾಡಿ ಅಮೆರಿಕದ ಮಯಾಮಿಯ ಬ್ಯಾಂಕಿನಲ್ಲಿ ಇಟ್ಟವರಿಗೆ ಏನೂ ಆಗಲಿಲ್ಲ. ಸಾಲ ಮಾಡಿದ್ದ ದೊಡ್ಡ ಕುಳಗಳಿಗಂತೂ ಸುಕ್ರೆ ಸಾಲ ಕರಗಿಯೇ ಹೋಯಿತು. ಡಾಲರ್ ಬಂದದ್ದರಿಂದ ಬಡವರ ಉಳಿತಾಯ ಹೋಯಿತು ಅಂತ ಅನೇಕರು ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಉಳಿತಾಯ ತಿಂದದ್ದು ಸುಕ್ರೆಯ ಕುಸಿತ. ಡಾಲರ್ ಆ ನಷ್ಟಕ್ಕೆ ಮೊಹರು ಒತ್ತಿತು, ಅಷ್ಟೆ.

ಇನ್ನೊಂದು ವಿಚಿತ್ರ ನಡೆಯಿತು. ಡಾಲರ್ ಬಂದ ಮೊದಲ ವರ್ಷವೇ ಬೆಲೆಗಳು ಶೇ 90ಕ್ಕಿಂತ ಜಾಸ್ತಿ ಏರಿದವು. ಡಾಲರಿನಲ್ಲೇ! 25,000ದ ದರದಲ್ಲಿ ಸುಕ್ರೆಯನ್ನು ತೀರಾ ಅಗ್ಗ ಮಾಡಿದ್ದರು. ಹಾಗಾಗಿ ಡಾಲರಿಗೆ ಬದಲಿಸಿ ಬರೆದಾಗ ಅಲ್ಲಿನ ಬಸ್ ಟಿಕೆಟ್ಟು, ಊಟ, ಬಾಡಿಗೆ ಎಲ್ಲ ಹೊರಗಿನ ಲೆಕ್ಕಕ್ಕೆ ಚಿಲ್ಲರೆ ಕಾಸಿನಂತಾದವು. ಹೊರಗಿನ ದರದ ಹತ್ತಿರಕ್ಕೆ ಬರುವವರೆಗೂ ಅವು ಏರುತ್ತಲೇ ಹೋದವು. 2003ರ ಹೊತ್ತಿಗೆ ಬೆಲೆ ಏರಿಕೆ ಒಂದಂಕಿಗೆ ಇಳಿಯಿತು. 2004ರಲ್ಲಿ ಶೇ 3ಕ್ಕೂ ಕಡಿಮೆ.

ಇದನ್ನು ಸಣ್ಣ ಲಾಭ ಅನ್ನಬೇಡಿ. ತಿಂಗಳ ಪಗಾರ ಕೈಗೆ ಬಂದ ದಿನವೇ ಅಂಗಡಿಗೆ ಓಡಬೇಕಿಲ್ಲ. ಹತ್ತು ವರ್ಷದ ಮನೆ ಸಾಲ ಕೊಡಲು ಬ್ಯಾಂಕು ಹೆದರುವುದಿಲ್ಲ. ವ್ಯಾಪಾರಿಗೆ ಮುಂದಿನ ವರ್ಷದ ಮಾಲಿನ ದರ ಇಂದೇ ಹೇಳಬಹುದು. ಅಮೆರಿಕದಲ್ಲಿರುವ ಮಗ ಕಳಿಸಿದ ರೊಕ್ಕ ಹಾಗೆಯೇ ಚಲಾವಣೆಯಾಗುತ್ತದೆ, ನಡುವೆ ಸರಾಫನ ಕಮಿಷನ್ ಇಲ್ಲ. ಎಲ್ ಸಾಲ್ವಡಾರ್‌ಗೆ ಇದೇ ದೊಡ್ಡ ಆಕರ್ಷಣೆಯಾಗಿತ್ತು. ಅಲ್ಲಿನ ಆದಾಯದಲ್ಲಿ ದೊಡ್ಡ ಪಾಲು ಅಮೆರಿಕದಲ್ಲಿ ದುಡಿಯುವವರು ಕಳಿಸುವ ರೊಕ್ಕ. ಅವರು ಬಿಕ್ಕಟ್ಟೇನೂ ಇಲ್ಲದಾಗಲೇ ಡಾಲರಿಗೆ 8.75 ಕೊಲೊನ್ (ಅವರ ಹಳೆಯ ನಾಣ್ಯ) ದರದಲ್ಲಿ ಬದಲಾಯಿಸಿಕೊಂಡರು. ಆಮೇಲೆ 2021ರಲ್ಲಿ ಬಿಟ್‌ಕಾಯಿನ್ ಅನ್ನೂ ಕಾನೂನಿನ ಪ್ರಕಾರ ನಾಣ್ಯ ಅಂತ ಮಾಡಿ, 2025ರಲ್ಲಿ ಅದನ್ನು ಒಪ್ಪಿಕೊಳ್ಳುವುದು ಅಂಗಡಿಯವರ ಇಷ್ಟಕ್ಕೆ ಬಿಟ್ಟದ್ದು ಇನ್ನೊಂದು ಲೇಖನಕ್ಕಾಗುವಷ್ಟು ಕಥೆ.

ನೋಟು ಅಚ್ಚು ಹಾಕುವವನ ಲಾಭ

ನೂರು ಡಾಲರಿನ ನೋಟು ಅಚ್ಚು ಹಾಕಲು ಅಮೆರಿಕಕ್ಕೆ ತಗಲುವುದು ಕೆಲವೇ ಸೆಂಟು. ಅದೇ ನೋಟು ಈಕ್ವೆಡಾರ್‌ಗೆ ಬೇಕೆಂದರೆ ನೂರು ಡಾಲರಿನ ಬಾಳೆಹಣ್ಣನ್ನೋ ತೈಲವನ್ನೋ ಮಾರಬೇಕು. ನಡುವಿನ ಲಾಭ ಅಚ್ಚು ಹಾಕಿದವನದು. ಸ್ವಂತ ನೋಟು ಇರುವ ದೇಶದಲ್ಲಿ ಈ ಲಾಭ ಕೇಂದ್ರ ಬ್ಯಾಂಕಿನ ಮೂಲಕ ಸರ್ಕಾರದ ಬೊಕ್ಕಸಕ್ಕೆ ಬರುತ್ತದೆ. ನಮ್ಮ ರಿಸರ್ವ್ ಬ್ಯಾಂಕು 2023-24ನೇ ಸಾಲಿಗೆ ಕೇಂದ್ರ ಸರ್ಕಾರಕ್ಕೆ ಕೊಟ್ಟ ಹಣ 2,10,874 ಕೋಟಿ ರೂಪಾಯಿ. ಅದಷ್ಟೂ ನೋಟಿನ ಲಾಭವಲ್ಲ. ವಿದೇಶಿ ವಿನಿಮಯದ ಗಳಿಕೆ, ಬಾಂಡುಗಳ ಬಡ್ಡಿ ಎಲ್ಲ ಸೇರಿದೆ. ಆದರೆ ಸ್ವಂತ ನೋಟೇ ಇಲ್ಲದ ದೇಶಕ್ಕೆ ಈ ಬಾಬತ್ತಿನಲ್ಲಿ ಬರುವುದು ಹೆಚ್ಚುಕಡಿಮೆ ಸೊನ್ನೆ.

ವಿಜಯಪುರದವರಿಗೆ ಇಲ್ಲಿ ಒಂದು ಹಳೆಯ ಸಂಗತಿ ನೆನಪಿಸಬಹುದು. ಬಾರಾ ಕಮಾನ್ ಕಟ್ಟಿಸಲು ಹೊರಟ ಎರಡನೇ ಅಲಿ ಆದಿಲ್‌ಶಾಹ 'ಲಾರಿ' ಅನ್ನುವ ಬೆಳ್ಳಿ ನಾಣ್ಯ ಹೊರಡಿಸಿದ್ದ. ಗುಂಡಗಿನ ನಾಣ್ಯ ಅಲ್ಲ, ತಲೆಗೂದಲಿನ ಪಿನ್ನಿನ ಹಾಗೆ ಮಡಚಿದ ಬೆಳ್ಳಿ ತಂತಿ. ಮೂಲ ಪರ್ಷಿಯಾದ ಲಾರ್ ಪ್ರದೇಶದ್ದು. ಕೊಲ್ಲಿಯ ವ್ಯಾಪಾರಿಗಳಲ್ಲಿ ಅದಕ್ಕೆ ಭಾರಿ ನಂಬಿಕೆ. ಹಾಗಾಗಿ ನಮ್ಮ ಸುಲ್ತಾನರೂ ಅದೇ ನಮೂನೆ ತೆಗೆದುಕೊಂಡರು. ವ್ಯತ್ಯಾಸ ಇಷ್ಟೇ: ನಮೂನೆ ಪರದೇಶದ್ದಾದರೂ ಟಂಕಸಾಲೆ ಸ್ವಂತದ್ದು, ಟಂಕಿಸಿದ ಲಾಭವೂ ಸ್ವಂತದ್ದು. ಈಕ್ವೆಡಾರ್‌ಗೆ ಆ ಭಾಗ್ಯ ಚಿಲ್ಲರೆ ನಾಣ್ಯಗಳಲ್ಲಿ ಮಾತ್ರ ಉಳಿದಿದೆ. ಪನಾಮಾ, ಪೂರ್ವ ತಿಮೋರ್‌ಗಳೂ ಅಷ್ಟೆ, ಸಣ್ಣ ನಾಣ್ಯ ತಾವೇ ಟಂಕಿಸಿಕೊಳ್ಳುತ್ತವೆ.

ಅಂದಹಾಗೆ, ಎಲ್ಲ ಕಡೆ ಹೀಗೆ ಪೂರ್ತಿ ಬರಿಗೈ ಆಗಬೇಕಂತಿಲ್ಲ. ದಕ್ಷಿಣ ಆಫ್ರಿಕಾದ ರ‍್ಯಾಂಡ್ ಬಳಸುವ ಲೆಸೊಥೊ, ನಮೀಬಿಯಾಗಳಿಗೆ ಒಪ್ಪಂದದ ಪ್ರಕಾರ ಆ ಲಾಭದಲ್ಲಿ ಪಾಲು ಸಿಗುತ್ತದೆ. ಡಾಲರ್ ಬಳಸುವವರಿಗೆ ಅಮೆರಿಕ ಅಂಥ ಪಾಲು ಕೊಡುವುದಿಲ್ಲ.

ಬ್ಯಾಂಕಿಗೆ ಓಟ ಶುರುವಾದರೆ

ನೋಟಿನ ಲಾಭ ಹೋದರೆ ಹೋಯಿತು ಅನ್ನಬಹುದು. ಅದಕ್ಕಿಂತ ದೊಡ್ಡ ಅಪಾಯ ಬ್ಯಾಂಕಿನದು.

ಯಾವ ಬ್ಯಾಂಕೂ ನಮ್ಮ ಠೇವಣಿಯನ್ನು ತಿಜೋರಿಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಬಹುಪಾಲು ಸಾಲ ಕೊಟ್ಟಿರುತ್ತದೆ. ಎಲ್ಲರೂ ಒಂದೇ ದಿನ ವಾಪಸ್ ಕೇಳಿದರೆ ಎಂಥ ಒಳ್ಳೆಯ ಬ್ಯಾಂಕೂ ಕೈಚೆಲ್ಲುತ್ತದೆ. ಆಗ ಕೇಂದ್ರ ಬ್ಯಾಂಕು ಲಾರಿಗಟ್ಟಲೆ ನೋಟು ಕಳಿಸುತ್ತದೆ. ನೋಟು ಬರುತ್ತಿದೆ ಅಂತ ಗೊತ್ತಾದರೆ ಅರ್ಧ ಜನ ಸುಮ್ನೆ ಮನೆಗೆ ಹೋಗುತ್ತಾರೆ. ಡಾಲರ್ ದೇಶದ ಕೇಂದ್ರ ಬ್ಯಾಂಕು ಡಾಲರ್ ಅಚ್ಚು ಹಾಕುವಂತಿಲ್ಲವಲ್ಲ. ಕೂಡಿಟ್ಟದ್ದು ಇದ್ದಷ್ಟೇ ಕೊಡಬಲ್ಲದು.

ಪನಾಮಾದಲ್ಲಿ 1988ರಲ್ಲಿ ನಡೆದದ್ದು ಇನ್ನೂ ಕಠೋರ. ಅಲ್ಲಿನ ಸರ್ವಾಧಿಕಾರಿ ಮಾನುಯೆಲ್ ನೊರಿಯೇಗಾ ಮೇಲೆ ಅಮೆರಿಕಕ್ಕೆ ಸಿಟ್ಟು ಬಂತು. ಅಮೆರಿಕದ ಬ್ಯಾಂಕುಗಳಲ್ಲಿದ್ದ ಪನಾಮಾ ಸರ್ಕಾರದ ಹಣವನ್ನು ತಡೆಹಿಡಿದರು. ಡಾಲರ್ ಒಳಗೆ ಬರುವುದು ನಿಂತಿತು. ಮಾರ್ಚ್‌ನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು. ಸುಮಾರು ಎರಡು ತಿಂಗಳು ಜನರಿಗೆ ತಮ್ಮದೇ ರೊಕ್ಕ ಸಿಗಲಿಲ್ಲ. ಆ ವರ್ಷ ದೇಶದ ಉತ್ಪಾದನೆ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕುಸಿಯಿತು. ಯುದ್ಧ ಆಗಿರಲಿಲ್ಲ, ಕಾಲುವೆಯಲ್ಲಿ ಹಡಗು ಓಡಾಡುತ್ತಲೇ ಇದ್ದವು. ನೋಟು ಒಂದು ಇರಲಿಲ್ಲ.

ನಮ್ಮ ಪಕ್ಕದಲ್ಲೇ ಇದರ ಸಣ್ಣ ರೂಪ ನೋಡಿದ್ದೇವೆ. ನೇಪಾಳ ಮತ್ತು ಭೂತಾನಗಳಿಗೆ ಸ್ವಂತ ನಾಣ್ಯ ಇದೆ. ಆದರೆ ಅದನ್ನು ನಮ್ಮ ರೂಪಾಯಿಗೆ ಕಟ್ಟಿಹಾಕಿದ್ದಾರೆ. ನೇಪಾಳದಲ್ಲಿ 1993ರಿಂದ ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, ಭೂತಾನದಲ್ಲಿ ಒಂದಕ್ಕೆ ಒಂದು. ನಮ್ಮ ನೋಟೂ ಅಲ್ಲಿ ಓಡಾಡುತ್ತದೆ. 2016ರ ನವೆಂಬರ್ 8ರ ರಾತ್ರಿ 8 ಗಂಟೆಗೆ ದಿಲ್ಲಿಯಲ್ಲಿ ಒಂದು ಭಾಷಣ ಆಯಿತು. ಭಾರತದಲ್ಲಿ ದುಡಿದು 500, 1000ದ ನೋಟು ಗಂಟು ಕಟ್ಟಿ ಊರಿಗೆ ಒಯ್ದಿದ್ದ ನೇಪಾಳಿಗಳು ಅಲ್ಲೇ ಸಿಕ್ಕಿಬಿದ್ದರು. ನಾವು ಇಲ್ಲಿ ಸಾಲಿನಲ್ಲಿ ನಿಂತು ಬೈದುಕೊಂಡಾದರೂ ಬದಲಾಯಿಸಿಕೊಂಡೆವು. ಅವರಿಗೆ ನಿಲ್ಲಲು ಸಾಲೇ ಇರಲಿಲ್ಲ. ದಿಲ್ಲಿ ಸರ್ಕಾರ ನೇಪಾಳದವರ ಮತ ಕೇಳಿ ಗೆದ್ದದ್ದಲ್ಲ, ಅಲ್ವಾ?

ಬಡ್ಡಿ ದರದ ಕಥೆಯೂ ಅದೇ. 2022ರಲ್ಲಿ ಅಮೆರಿಕದಲ್ಲಿ ಬೆಲೆ ಏರಿಕೆ ಶೇ 9 ದಾಟಿತು. ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಮುಂದಿನ ವರ್ಷದ ಹೊತ್ತಿಗೆ ಶೇ 5ರ ಮೇಲಕ್ಕೆ ಒಯ್ದಿತು. ಈಕ್ವೆಡಾರ್‌ನಲ್ಲಿ ಬೆಲೆ ಏರಿಕೆ ಅದರ ಅರ್ಧವೂ ಇರಲಿಲ್ಲ. ಆದರೂ ಆ ಬಡ್ಡಿಯ ಬಿಸಿ ಅವರಿಗೂ ತಟ್ಟಿತು. ಯೂರೋ ಒಕ್ಕೂಟದಲ್ಲಿ ಸಣ್ಣ ಮಾಲ್ಟಾಕ್ಕೂ ಬಡ್ಡಿ ತೀರ್ಮಾನಿಸುವ ಮೇಜಿನಲ್ಲಿ ಕುರ್ಚಿ ಇದೆ. ಮಾಂಟೆನೆಗ್ರೊಗೆ ಇಲ್ಲ, ಈಕ್ವೆಡಾರ್‌ಗಂತೂ ಇಲ್ಲವೇ ಇಲ್ಲ.

ಗಡಿ ದಾಟಿ ಸಂತೆಗೆ

ಈಗ ಮೊದಲು ಹೇಳಿದ ಒಣದ್ರಾಕ್ಷಿಯ ಲೆಕ್ಕಕ್ಕೆ ಬರೋಣ. ಅಲ್ಲಿ 75 ರೂಪಾಯಿಯ ಅನುಕೂಲ ಸಿಕ್ಕಿತಲ್ಲ, ಡಾಲರ್ ದೇಶದ ರೈತನಿಗೆ ಅದು ಸಿಗುವುದಿಲ್ಲ. ಸಿಗುವುದು ಅದರ ಉಲ್ಟಾ.

2014ರ ಮಧ್ಯದಲ್ಲಿ ತೈಲದ ಬೆಲೆ ಪೀಪಾಯಿಗೆ 100 ಡಾಲರಿಗಿಂತ ಜಾಸ್ತಿ ಇತ್ತು. 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಈಕ್ವೆಡಾರ್ ಮತ್ತು ಪಕ್ಕದ ಕೊಲಂಬಿಯಾ ಎರಡೂ ತೈಲ ಮಾರುವ ದೇಶಗಳು. ಪೆಟ್ಟು ಇಬ್ಬರಿಗೂ ಬಿತ್ತು. ಕೊಲಂಬಿಯಾದ ಪೆಸೊ ಡಾಲರಿಗೆ 1,900ರ ಆಸುಪಾಸಿನಿಂದ 3,000 ದಾಟಿತು. ಕೊಲಂಬಿಯಾದ ಜನರಿಗೆ ಆಮದು ಮೊಬೈಲು, ಗೋಧಿ ತುಟ್ಟಿಯಾದವು. ಎಲ್ಲರೂ ಸ್ವಲ್ಪ ಬಡವರಾದರು. ಆದರೆ ಅವರ ಕಾಫಿ, ಹೂವು, ಬಟ್ಟೆ ಹೊರಗಿನವರಿಗೆ ಅಗ್ಗವಾದವು. ಅಂಗಡಿ, ಕಾರ್ಖಾನೆಗಳಿಗೆ ಗಿರಾಕಿ ಸಿಕ್ಕರು.

ಈಕ್ವೆಡಾರ್‌ನ ಡಾಲರ್ ಬೀಳಲಿಲ್ಲ. ಬೀಳುವುದಿರಲಿ, ಅದೇ ಸಮಯಕ್ಕೆ ಜಗತ್ತಿನಾದ್ಯಂತ ಡಾಲರ್ ಗಟ್ಟಿಯಾಯಿತು. ಗಡಿಯ ತುಲ್ಕಾನ್ ಊರಿನಿಂದ ಕೊಲಂಬಿಯಾದ ಇಪಿಯಾಲೆಸ್ ಊರಿಗೆ ಜನ ಸಂತೆಗೆ ಹೊರಟರು. ಟೀವಿ, ಟೈರು, ಬಟ್ಟೆ, ಸೋಪು ಎಲ್ಲ ಅಲ್ಲಿ ಅಗ್ಗ. ಈಕ್ವೆಡಾರ್ ಅಂಗಡಿಯವರು ಗಲ್ಲೆಯ ಮುಂದೆ ನೊಣ ಹೊಡೆಯುತ್ತಾ ಕೂತರು. 2015ರಲ್ಲಿ ಸರ್ಕಾರ ಸಾವಿರಾರು ಆಮದು ವಸ್ತುಗಳ ಮೇಲೆ ಶೇ 45ರವರೆಗೂ ಹೆಚ್ಚುವರಿ ಸುಂಕ ಹಾಕಿತು. ನೋಟಿನ ಬೆಲೆ ಇಳಿಸಲು ಆಗದವರು ಅದನ್ನೇ ಸುತ್ತು ಬಳಸಿ, ಸುಂಕದ ರೂಪದಲ್ಲಿ ಮಾಡಿದ್ದು ಇದು. ಆಮದೇನೋ ಕಡಿಮೆಯಾಯಿತು. ಆದರೆ ಅವರ ರಫ್ತಿಗೆ ಇದರಿಂದ ಕಾಸಿನ ಸಹಾಯವೂ ಆಗಲಿಲ್ಲ.

ಉಳಿದ ದಾರಿ ಒಂದೇ. ಪಗಾರ ಇಳಿಸಬೇಕು, ಇಲ್ಲವೇ ಕೆಲಸದಿಂದ ತೆಗೆಯಬೇಕು. 30,000 ರೂಪಾಯಿ ಪಗಾರವನ್ನು ನಾಳೆಯಿಂದ 24,000 ಅಂದರೆ ಯಾರು ಒಪ್ಪುತ್ತಾರೆ? ಗಲಾಟೆ ಆಗುತ್ತದೆ. ಅದೇ 30,000 ಹಾಗೇ ಇಟ್ಟು ನೋಟಿನ ಬೆಲೆ ಐದನೇ ಒಂದು ಪಾಲು ಕಳೆದುಕೊಂಡರೆ ಜನ ಗೊಣಗುತ್ತಾರೆ, ಆದರೆ ಮರುದಿನ ಕೆಲಸಕ್ಕೆ ಬರುತ್ತಾರೆ. ಇದು ಒಂದು ರೀತಿಯಲ್ಲಿ ಜನರಿಗೆ ಗೊತ್ತಾಗದಂತೆ ಜೇಬಿಗೆ ಕೈಹಾಕಿದ ಹಾಗೆಯೇ. ಸಭ್ಯ ಕೆಲಸವಲ್ಲ. ಆದರೆ ಒಬ್ಬನ ಕೆಲಸ ಪೂರ್ತಿ ಕಿತ್ತುಕೊಂಡು ಇನ್ನೊಬ್ಬನ ಪಗಾರ ಪೂರ್ತಿ ಉಳಿಸುವುದಕ್ಕಿಂತ, ಎಲ್ಲರಿಂದ ಸ್ವಲ್ಪ ಸ್ವಲ್ಪ ತೆಗೆಯುವುದು ವಾಸಿ ಅಂತ ನನಗೆ ಅನಿಸುತ್ತದೆ.

ಹಾಗಾದರೆ ವಿಜಯಪುರ ಬದುಕಿದ್ದು ಹೇಗೆ?

ಇಲ್ಲಿ ಜಾಣ ಓದುಗರು ಒಂದು ಪ್ರಶ್ನೆ ಕೇಳಬೇಕು. ವಿಜಯಪುರ ಜಿಲ್ಲೆಗೂ ಸ್ವಂತ ನೋಟು ಇಲ್ಲವಲ್ಲ? ನಮ್ಮ ಬಡ್ಡಿ ದರ ತೀರ್ಮಾನವಾಗುವುದು ಮುಂಬೈಯಲ್ಲಿ. ಇಂಡಿ, ಸಿಂದಗಿಯಲ್ಲಿ ಬರ ಬಿತ್ತು ಅಂತ ರಿಸರ್ವ್ ಬ್ಯಾಂಕು ರೂಪಾಯಿ ಬೆಲೆ ಇಳಿಸುವುದಿಲ್ಲ. ಹಾಗಿದ್ದರೆ ನಾವೂ ಈಕ್ವೆಡಾರ್ ತರಹವೇ ಅಲ್ಲವೇ?

ಒಳ್ಳೆಯ ಪ್ರಶ್ನೆ. ಕೆನಡಾದ ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಒಂದು ನಾಣ್ಯ ಎಷ್ಟು ದೊಡ್ಡ ಪ್ರದೇಶಕ್ಕೆ ಹೊಂದುತ್ತದೆ? ಅವರಿಗೆ 1999ರಲ್ಲಿ ನೊಬೆಲ್ ಬಂದಾಗ ಈ ಕೆಲಸವನ್ನೂ ಹೆಸರಿಸಿದ್ದರು. ಅವರೂ ಅವರ ನಂತರ ಬಂದವರೂ ಕೊಟ್ಟ ಉತ್ತರವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎರಡು ಬಾಗಿಲು ತೆರೆದಿರಬೇಕು. ಸಂಕಟ ಬಂದಾಗ ಜನ ಹೊರಗೆ ಹೋಗುವ ಬಾಗಿಲು. ರೊಕ್ಕ ಒಳಗೆ ಬರುವ ಬಾಗಿಲು.

ವಿಜಯಪುರಕ್ಕೆ ಮೊದಲ ಬಾಗಿಲು ಚೆನ್ನಾಗಿ ಗೊತ್ತು. ಮಳೆ ಕೈಕೊಟ್ಟ ವರ್ಷ ತಾಂಡಾಗಳು ಖಾಲಿಯಾಗುತ್ತವೆ. ಕಬ್ಬಿನ ಗ್ಯಾಂಗು ಕಟ್ಟಿಕೊಂಡು ಮಹಾರಾಷ್ಟ್ರಕ್ಕೆ, ಗಾರೆ ಕೆಲಸಕ್ಕೆ ಗೋವಾ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳ ಶಾಲೆ ಬಿಡುತ್ತದೆ, ಮುದುಕರು ಊರಲ್ಲಿ ಒಂಟಿಯಾಗುತ್ತಾರೆ. ಇದನ್ನು 'ಕಾರ್ಮಿಕರ ಚಲನಶೀಲತೆ' ಅಂತ ಪುಸ್ತಕದಲ್ಲಿ ಬರೆಯುವವರು ಒಮ್ಮೆ ರಾತ್ರಿ ಬಸ್ ನಿಲ್ದಾಣಕ್ಕೆ ಬಂದು ಗಂಟುಮೂಟೆಯ ಮೇಲೆ ಮಲಗಿದವರನ್ನು ನೋಡಬೇಕು. ಆದರೂ ದಾರಿ ಇದೆ. ಗೋವಾಕ್ಕೆ ಹೋಗಲು ವೀಸಾ ಬೇಡ.

ಎರಡನೇ ಬಾಗಿಲು: ಪಡಿತರ ಅಕ್ಕಿ, ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿ ಕೂಲಿ, ಬೆಳೆ ವಿಮೆ, ಬರ ಪರಿಹಾರ. ಅದೂ ಸಲೀಸಾಗಿ ತೆರೆಯುತ್ತದೆ ಅಂತ ಹೇಳಲಾರೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಲಾಯಿತು. ರಾಜ್ಯ ಕೇಂದ್ರದಿಂದ ಕೇಳಿದ್ದು 18 ಸಾವಿರ ಕೋಟಿಗೂ ಜಾಸ್ತಿ. ರೊಕ್ಕ ಬರಲಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಮಂಜೂರಾಯಿತು. ಕೇಳಿದ್ದರ ಐದನೇ ಒಂದು ಭಾಗ. ಜಗಳ ಆಡಿ ಪಡೆದದ್ದಾದರೂ ಪಡೆದೆವು. ಜಗಳ ಆಡಲು ಒಂದು ಕೋರ್ಟಾದರೂ ಇತ್ತು.

ಈಕ್ವೆಡಾರ್‌ಗೆ ವಾಷಿಂಗ್ಟನ್ನಿನಲ್ಲಿ ಅಂಥ ಕೋರ್ಟಿಲ್ಲ. ಡಾಲರ್ ಬಳಸುತ್ತಾರೆ ಅಂತ ಅಮೆರಿಕ ಅವರಿಗೆ ಬರ ಪರಿಹಾರ ಕೊಡುವ ಹಂಗಿನಲ್ಲಿಲ್ಲ. ಡಾಲರ್ ಇದ್ದ ಮಾತ್ರಕ್ಕೆ ಅಮೆರಿಕಕ್ಕೆ ಹೋಗಿ ದುಡಿಯುವ ಪರವಾನಗಿಯೂ ಸಿಗುವುದಿಲ್ಲ. 1999ರ ಬಿಕ್ಕಟ್ಟಿನ ಹೊತ್ತಿಗೆ ಲಕ್ಷಾಂತರ ಜನ ಸ್ಪೇನ್, ಇಟಲಿ ಕಡೆ ವಿಮಾನ ಹತ್ತಿದರು. 2003ರಲ್ಲಿ ಯುರೋಪು ಅವರಿಗೆ ವೀಸಾ ಕಡ್ಡಾಯ ಮಾಡಿತು. ಆ ಬಾಗಿಲೂ ಅರ್ಧ ಮುಚ್ಚಿತು. ಎರಡೂ ಬಾಗಿಲಿಲ್ಲದ ಮನೆಯಲ್ಲಿ ಪರದೇಶದ ನೋಟು ಇಟ್ಟುಕೊಳ್ಳುವುದರ ಕಷ್ಟ ಅದೇ.

ತುವಾಲುವಿನಂಥ ದ್ವೀಪಗಳ ಮಾತು ಬೇರೆ. ಅಲ್ಲಿನ ಜನಸಂಖ್ಯೆ ಹತ್ತು-ಹನ್ನೊಂದು ಸಾವಿರ, ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. ಅಷ್ಟು ಜನಕ್ಕೆ ಕೇಂದ್ರ ಬ್ಯಾಂಕು, ಟಂಕಸಾಲೆ, ಅರ್ಥಶಾಸ್ತ್ರಜ್ಞರು ಅಂತ ಕಟ್ಟಿಕೊಂಡರೆ ಖರ್ಚೇ ಜಾಸ್ತಿ. ಬಹುತೇಕ ಸಾಮಾನು ಹೊರಗಿನಿಂದಲೇ ಬರುವ ಕಡೆ ನೋಟಿನ ಬೆಲೆ ಇಳಿಸಿ ಸಾಧಿಸುವುದೂ ಏನಿಲ್ಲ. ಅವರು ಮಾಡಿದ್ದು ಸರಿ.

ಸರ್ಕಾರದ ಕೈ ಕಟ್ಟಿದರೆ?

ಡಾಲರ್ ಪರ ವಾದಿಸುವವರ ದೊಡ್ಡ ಅಸ್ತ್ರ ಒಂದಿದೆ. ನೋಟು ಅಚ್ಚು ಹಾಕುವ ಯಂತ್ರವನ್ನೇ ಕಿತ್ತುಕೊಂಡರೆ ಸರ್ಕಾರ ಬೇಕಾಬಿಟ್ಟಿ ಖರ್ಚು ಮಾಡುವುದು ನಿಲ್ಲುತ್ತದೆ ಅಂತ. ಅರ್ಧ ನಿಜ. ಅಚ್ಚು ಹಾಕುವುದು ನಿಲ್ಲುತ್ತದೆ, ಸಾಲ ಮಾಡುವುದು ನಿಲ್ಲುವುದಿಲ್ಲ. ಈಕ್ವೆಡಾರ್ 2008ರಲ್ಲಿ ಬಾಂಡುಗಳ ಬಾಕಿ ಕಟ್ಟುವುದಿಲ್ಲ ಅಂತ ಕೈ ಎತ್ತಿತು. 2020ರಲ್ಲಿ ಮತ್ತೆ ಸಾಲ ಕೊಟ್ಟವರ ಜೊತೆ ಕೂತು 17.4 ಬಿಲಿಯನ್ ಡಾಲರ್ ಸಾಲದ ಶರತ್ತು ಬದಲಿಸಿಕೊಂಡಿತು.

ಜಿಂಬಾಬ್ವೆಯ ಜಾಣತನ ಇನ್ನೂ ಒಂದು ಕೈ ಮೇಲೆ. 2008ರಲ್ಲಿ ಅಲ್ಲಿನ ಬೆಲೆ ಏರಿಕೆ ಅಧಿಕೃತ ಲೆಕ್ಕದಲ್ಲೇ ಶೇ 23 ಕೋಟಿ ದಾಟಿತ್ತು. 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಜಿಂಬಾಬ್ವೆ ಡಾಲರಿನ ನೋಟು ಬಂತು. ಅದೇ ವರ್ಷ ಸ್ವಂತ ನೋಟು ಕೈಬಿಟ್ಟು ಅಮೆರಿಕದ ಡಾಲರ್, ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗಳನ್ನು ಒಪ್ಪಿಕೊಂಡರು. ಬೆಲೆ ಏರಿಕೆ ಗಕ್ಕನೆ ನಿಂತಿತು. ಖಾಲಿ ಇದ್ದ ಅಂಗಡಿಗಳಲ್ಲಿ ಮಾಲು ಕಾಣಿಸಿಕೊಂಡಿತು. ಚಿಲ್ಲರೆಯದೇ ಫಜೀತಿ. ಸೆಂಟು ನಾಣ್ಯ ಇರಲಿಲ್ಲ, ಬಾಕಿ ಚಿಲ್ಲರೆಗೆ ಪೆಪ್ಪರಮಿಂಟು, ಪೆನ್ನು ಕೊಡುತ್ತಿದ್ದರು. ಫೋನ್‌ಪೇ ಬರುವ ಮೊದಲು ನಮ್ಮ ಕಿರಾಣಿ ಅಂಗಡಿಗಳಲ್ಲೂ ನಡೆಯುತ್ತಿದ್ದದ್ದೇ. ಒಂದು ಡಾಲರಿನ ನೋಟು ಕೈಯಿಂದ ಕೈಗೆ ಓಡಾಡಿ ಎಷ್ಟು ಹೊಲಸಾಗುತ್ತಿತ್ತೆಂದರೆ, ಜನ ಸೋಪು ಹಚ್ಚಿ ತೊಳೆದು ಹಗ್ಗದ ಮೇಲೆ ಒಣಹಾಕುತ್ತಿದ್ದರು.

ಕೆಲವು ವರ್ಷ ಚೆನ್ನಾಗಿತ್ತು. ಆಮೇಲೆ ಸರ್ಕಾರದ ಖರ್ಚು ಮತ್ತೆ ಆದಾಯ ಮೀರಿತು. ಡಾಲರ್ ಅಚ್ಚು ಹಾಕಲಾಗದು. ಸರ್ಕಾರ ಬ್ಯಾಂಕುಗಳಿಂದ, ಕೇಂದ್ರ ಬ್ಯಾಂಕಿನಿಂದ ಸಾಲ ಎತ್ತಿತು. ಖಾತೆಗಳಲ್ಲಿ 'ಡಾಲರ್' ಅಂತ ಅಂಕಿ ಬೆಳೆಯಿತು, ಹಿಂದೆ ನಿಜವಾದ ಡಾಲರ್ ಇರಲಿಲ್ಲ. ಎಟಿಎಂ ಮುಂದೆ ರಾತ್ರಿಯಿಡೀ ಸಾಲು. 2016ರ ನವೆಂಬರಿನಲ್ಲಿ ಬಾಂಡ್ ನೋಟು ಅಂತ ತಂದು, ಇದು ಡಾಲರಿಗೆ ಸಮ ಅಂದರು. ಯಾರೂ ನಂಬಲಿಲ್ಲ. 2019ರಲ್ಲಿ ವಿದೇಶಿ ನೋಟನ್ನು ನಿಷೇಧಿಸಿ ಸ್ವಂತ ಡಾಲರ್ ತಂದರು. ಮರುವರ್ಷವೇ ನಿಷೇಧ ಸಡಿಲವಾಯಿತು. 2024ರ ಏಪ್ರಿಲ್‌ನಲ್ಲಿ ಚಿನ್ನದ ಆಧಾರ ಇದೆ ಅಂತ 'ಝಿಗ್' ಅನ್ನುವ ಹೊಸ ನಾಣ್ಯ ಹೊರಡಿಸಿದರು. ಸರ್ಕಾರದ ಕೈ ಕಟ್ಟಿದ ಹಗ್ಗದ ತುದಿ ಅದರದೇ ಕೈಯಲ್ಲಿ ಇತ್ತು ಅನ್ನಿ.

ಹಿಂದಕ್ಕೆ ಬರುವ ದಾರಿ

ಡಾಲರ್ ಬೇಡ ಅನಿಸಿದರೆ ಬಿಡಬಹುದಲ್ಲ? ಕಾನೂನಿನಲ್ಲಿ ಅಡ್ಡಿ ಇಲ್ಲ. ಅಡ್ಡಿ ಜನರ ತಲೆಯಲ್ಲಿದೆ. ನಾಳೆ ಹೊಸ ನೋಟು ಬರುತ್ತದೆ ಅಂತ ಗಾಳಿಮಾತು ಹಬ್ಬಿದರೂ ಸಾಕು, ಇವತ್ತೇ ಎಲ್ಲರೂ ಬ್ಯಾಂಕಿನಿಂದ ಡಾಲರ್ ಬಿಡಿಸಿಕೊಳ್ಳಲು ಓಡುತ್ತಾರೆ. ಹೊಸ ನೋಟು ಬರುವ ಮೊದಲೇ ಬ್ಯಾಂಕು ಬೀಳುತ್ತದೆ. ಮನೆ ಸಾಲ, ಅಂಗಡಿ ಸಾಲ ಎಲ್ಲ ಡಾಲರಿನಲ್ಲಿರುತ್ತದೆ. ಪಗಾರ ಹೊಸ ನೋಟಿನಲ್ಲಿ, ಕಂತು ಡಾಲರಿನಲ್ಲಿ ಅಂತಾದರೆ ಕಟ್ಟುವವರು ಯಾರು?

ರಫಾಯೆಲ್ ಕೊರೆಯಾ ಅರ್ಥಶಾಸ್ತ್ರ ಕಲಿಸುತ್ತಿದ್ದವರು. ಡಾಲರ್ ತಂದದ್ದು ತಪ್ಪು ಅಂತ ಮೊದಲಿನಿಂದ ಹೇಳುತ್ತಿದ್ದವರು. 2007ರಿಂದ 2017ರವರೆಗೆ ಹತ್ತು ವರ್ಷ ಈಕ್ವೆಡಾರ್‌ನ ಅಧ್ಯಕ್ಷರಾಗಿದ್ದರು. ಸಂವಿಧಾನವನ್ನೇ ಹೊಸದಾಗಿ ಬರೆಸಿದರು. ಆದರೆ ಡಾಲರನ್ನು ಮುಟ್ಟಲಿಲ್ಲ. ಅವರ ಕಾಲದಲ್ಲಿ, 2014ರ ಕೊನೆಗೆ, ಕೇಂದ್ರ ಬ್ಯಾಂಕು ಮೊಬೈಲಿನಲ್ಲಿ ಬಳಸುವ ಎಲೆಕ್ಟ್ರಾನಿಕ್ ಹಣ ತಂದಿತು. ಅದರ ಲೆಕ್ಕವೂ ಡಾಲರಿನಲ್ಲೇ ಇತ್ತು. ಆದರೂ ಇದು ಹಿಂಬಾಗಿಲಿನಿಂದ ಸುಕ್ರೆ ತರುವ ಹೂಟ ಅಂತ ಅನುಮಾನ ಎದ್ದಿತು. ಜನ ಅದರಲ್ಲಿ ರೊಕ್ಕ ಹಾಕಲೇ ಇಲ್ಲ. ಕೊರೆಯಾ ಇಳಿದ ಮೇಲೆ ಬಂದ ಸರ್ಕಾರ ಕಾನೂನು ಬದಲಿಸಿ, 2018ರಲ್ಲಿ ಅದನ್ನು ಬಂದ್ ಮಾಡಿತು.